ಪರರ ಮನೆಯ ಪವನ್ ಕೊಳ್ಳುವ ಮುನ್ನ

ಬ್ಯಾಂಕಿನಲ್ಲಿ ಕೊಂಡ ಚಿನ್ನದ ನಾಣ್ಯವನ್ನು ಬ್ಯಾಂಕು ಮರಳಿ ಕೊಳ್ಳುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಅದಕ್ಕೆ ಅವಕಾಶ ಕೊಟ್ಟಿಲ್ಲ. ಅಕ್ಷಯ ತೃತೀಯಕ್ಕೋ ಧನತ್ರಯೋದಶಿಗೋ ತಂದು ದೇವರ ಮುಂದಿಟ್ಟವರಿಗೆ ಈ ಸಂಗತಿ ಗೊತ್ತಾಗುವುದು ಬಹುಮಟ್ಟಿಗೆ ಮಾರಲು ಹೊರಟ ದಿನವೇ. ಚಿನ್ನದಂಗಡಿಗೆ ಹೋದರೆ ಅಲ್ಲಿ ಕಡಿತ. ನಮ್ಮ ಅಂಗಡಿಯದಲ್ಲ ಎಂದು ಒಂದಿಷ್ಟು, ಕರಗಿಸಿದರೆ ತೂಕ ಹೋಗುತ್ತದೆ ಎಂದು ಇನ್ನೊಂದಿಷ್ಟು. ಇತ್ತ ಕೊಳ್ಳುವವರು ಅದೇ ಅಂಗಡಿಯ ಮೆಟ್ಟಿಲು ಹತ್ತಿದರೆ ಚಿನ್ನದ ಬೆಲೆಯ ಮೇಲೆ ಮಜೂರಿ, ಎಲ್ಲಕ್ಕೂ ಸೇರಿಸಿ ಶೇ 3ರಷ್ಟು ಜಿಎಸ್‌ಟಿ. ಹೀಗಾಗಿಯೇ ಆಫೀಸಿನ ಸಹೋದ್ಯೋಗಿಯೋ ಪಕ್ಕದ ಮನೆಯವರೋ ‘ನಮ್ಮಲ್ಲಿ ಎರಡು ಪವನ್ ಇದೆ, ನೀವು ತಗೋತೀರಾ?’ ಎಂದು ಕೇಳುತ್ತಾರೆ. ನಾವೂ ಮನೆಗೆ ಹೋಗಿ ಲೆಕ್ಕ ಹಾಕಲು ಕೂರುತ್ತೇವೆ.

ಇಂಥ ಖರೀದಿಯಲ್ಲಿ ತಪ್ಪೇನೂ ಇಲ್ಲ. ಒಬ್ಬ ವ್ಯಕ್ತಿ ತನ್ನ ಸ್ವಂತ ಚಿನ್ನವನ್ನು ಇನ್ನೊಬ್ಬರಿಗೆ ಮಾರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ವ್ಯಾಪಾರ ಮಾಡುವವರಲ್ಲವಾದ್ದರಿಂದ ಜಿಎಸ್‌ಟಿಯೂ ಬೀಳುವುದಿಲ್ಲ. ಮನೆಯ ಪೆಟ್ಟಿಗೆಯಲ್ಲಿದ್ದ ನಾಣ್ಯ ಇನ್ನೊಂದು ಮನೆಗೆ ಹೋಗುವಾಗ ಹೊಸದಾಗಿ ನೆಲ ಬಗೆಯುವ ಅಗತ್ಯವೂ ಇರುವುದಿಲ್ಲ. ಕೋಲಾರದ ಗಣಿಗಳು ಮುಚ್ಚಿದ್ದು 2001ರಲ್ಲಿ. ಆದರೆ ಅಲ್ಲಿನ ಸೈನೈಡ್ ದಿಬ್ಬಗಳ ಧೂಳನ್ನು ಗಾಳಿಗಾಲದಲ್ಲಿ ಊರಿನ ಜನ ಇಂದಿಗೂ ಕುಡಿಯುತ್ತಿದ್ದಾರೆ. ಹಳೆಯ ಚಿನ್ನ ಕೊಳ್ಳುವುದು ಒಳ್ಳೆಯದೆನ್ನಲು ನನಗೆ ಈ ಒಂದು ಕಾರಣವೇ ಸಾಕು.

ತೊಡಕಿರುವುದು ಬೇರೆ ಕಡೆ. ಅಂಗಡಿಯಲ್ಲಿ ತಕ್ಕಡಿ ಇರುತ್ತದೆ, ಬಿಲ್ಲು ಇರುತ್ತದೆ, ದೂರು ಕೊಡಲು ಜಾಗ ಇರುತ್ತದೆ. ಮನೆಯ ಜಗಲಿಯಲ್ಲಿ ನಡೆಯುವ ಮಾರಾಟದಲ್ಲಿ ಇರುವುದು ಇಬ್ಬರೇ, ಅವರಲ್ಲಿ ಒಬ್ಬರಿಗೆ ಹೆಚ್ಚು ಗೊತ್ತಿರುತ್ತದೆ, ಇನ್ನೊಬ್ಬರಿಗೆ ಹೆಚ್ಚು ಅಗತ್ಯವಿರುತ್ತದೆ. ಆದ್ದರಿಂದ ಕೊಳ್ಳುವವರು ಹೆಜ್ಜೆಹೆಜ್ಜೆಗೂ ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದು ನನ್ನ ನಂಬಿಕೆ: ನನಗೆ ಗೊತ್ತಿರುವುದೆಲ್ಲ ಎದುರಿನವರಿಗೂ ಗೊತ್ತಿದ್ದರೆ, ಅವರು ಇದೇ ಬೆಲೆಗೆ ಕೊಡುತ್ತಿದ್ದರೇ?

ನ್ಯಾಯದ ಬೆಲೆ ಎಂದರೆ ಎಷ್ಟು?

ಲೆಕ್ಕಕ್ಕೆಂದು ಅಪರಂಜಿ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. 8 ಗ್ರಾಂನ ನಾಣ್ಯಕ್ಕೆ 80,000 ಆಯಿತು. ಅಂಗಡಿಯಲ್ಲಿ ಹೊಸದಾಗಿ ಕೊಂಡರೆ 2,000 ಮಜೂರಿ ಸೇರಿ 82,000, ಜಿಎಸ್‌ಟಿ ಸೇರಿದ ಮೇಲೆ 84,460. ಅದೇ ನಾಣ್ಯವನ್ನು ಅಂಗಡಿಗೆ ಮಾರಲು ಹೋದವರಿಗೆ ಶೇ 3ರಷ್ಟು ಮುರಿದುಕೊಂಡರೂ ಸಿಗುವುದು 77,600. ನಡುವೆ ಸುಮಾರು 7,000 ರೂಪಾಯಿಯ ಅಂತರ. ಖಾಸಗಿ ಮಾರಾಟದಲ್ಲಿ ಇಬ್ಬರೂ ಹಂಚಿಕೊಳ್ಳಬಹುದಾದ ಲಾಭ ಇಷ್ಟೇ. ಆ ದಿನದ ತೆರಿಗೆರಹಿತ ದರ, ಅಂದರೆ 80,000 ಕೊಟ್ಟರೆ ಮಾರುವವರಿಗೆ ಅಂಗಡಿಗಿಂತ 2,400 ಹೆಚ್ಚು ಸಿಗುತ್ತದೆ, ನಿಮಗೆ 4,460 ಉಳಿಯುತ್ತದೆ. ಅದಕ್ಕಿಂತ ಕೆಳಗೆ ಚೌಕಾಶಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅಂಗಡಿಯವರು ಕೊಡುವುದಕ್ಕಿಂತಲೂ ಕಡಿಮೆಗೆ ಕೇಳುವುದಂತೂ, ಎದುರಿನವರಿಗೆ ಅಂಗಡಿಯ ದರ ಗೊತ್ತಿಲ್ಲ ಎಂಬ ಧೈರ್ಯದಿಂದ ಮಾತ್ರ ಸಾಧ್ಯ.

ದರವನ್ನು ಇಬ್ಬರೂ ಸೇರಿಯೇ ನೋಡಿ. ಇಂಡಿಯಾ ಬುಲಿಯನ್ ಆಂಡ್ ಜ್ಯುವೆಲರ್ಸ್ ಅಸೋಸಿಯೇಷನ್ ಕೆಲಸದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ತೆರಿಗೆರಹಿತ ದರ ಪ್ರಕಟಿಸುತ್ತದೆ. ಊರಿನ ಎರಡು ಅಂಗಡಿಗಳಿಗೆ ಫೋನ್ ಮಾಡಿ, ‘ನಾಣ್ಯ ಮಾರೋದಿದ್ರೆ ಎಷ್ಟು ಕೊಡ್ತೀರಿ?’ ಎಂದು ಕೇಳಿದರೆ ಇನ್ನೊಂದು ತುದಿಯೂ ಸಿಗುತ್ತದೆ. ಫೋನನ್ನು ಸ್ಪೀಕರಿಗೆ ಹಾಕಿ, ಮಾರುವವರ ಮುಂದೆಯೇ ಕೇಳಿ.

ಹಳೆಯ ಬ್ರಿಟಿಷ್ ಸವರನ್ನಿನ ಲೆಕ್ಕ ಸ್ವಲ್ಪ ಬೇರೆ. ಇವತ್ತು ಆಡುಮಾತಿನಲ್ಲಿ ಒಂದು ಪವನ್ ಎಂದರೆ 8 ಗ್ರಾಂ. ನಿಜವಾದ ಸವರನ್ 7.988 ಗ್ರಾಂ ತೂಗುತ್ತದೆ, 22 ಕ್ಯಾರಟ್ಟಿನದು, ಅದರಲ್ಲಿರುವ ಶುದ್ಧ ಚಿನ್ನ 7.322 ಗ್ರಾಂ. ಅದನ್ನು 24 ಕ್ಯಾರಟ್ ದರದಲ್ಲಿ 8 ಗ್ರಾಂಗೆ ಕೇಳುವ ಮಾರಾಟಗಾರರಿಗೆ ಕೋಪ ಮಾಡಿಕೊಳ್ಳದೆ ಲೆಕ್ಕ ಬಿಡಿಸಿ ಹೇಳಿ. ಅವರ ಅಜ್ಞಾನದಿಂದ ನಿಮಗೂ ನಷ್ಟವಾಗಬೇಕಿಲ್ಲ.

ಕಾನೂನು ಕೂಡ ತೀರಾ ಅಗ್ಗದ ಖರೀದಿಯ ಮೇಲೆ ಕಣ್ಣಿಟ್ಟಿದೆ. ಹತ್ತಿರದ ಸಂಬಂಧಿಯಲ್ಲದವರಿಂದ ಒಡವೆಯನ್ನೋ ಗಟ್ಟಿ ಚಿನ್ನವನ್ನೋ ಮಾರುಕಟ್ಟೆ ಬೆಲೆಗಿಂತ 50,000 ರೂಪಾಯಿಗೂ ಹೆಚ್ಚು ಕಡಿಮೆಗೆ ಕೊಂಡರೆ, ಆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದು ತೆರಿಗೆ ಇಲಾಖೆ ಪರಿಗಣಿಸುತ್ತದೆ.

ಇನ್ನು ಕಷ್ಟಕ್ಕೆ ಮಾರುವವರ ಮಾತು. ಆಸ್ಪತ್ರೆಯ ಬಿಲ್ಲು, ಮಗಳ ಕಾಲೇಜಿನ ಫೀಸು, ಕೆಲಸ ಹೋದ ತಿಂಗಳು. ಇಂಥ ಹೊತ್ತಿನಲ್ಲಿ ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ, ಅವರಿಗೆ ಬೇಕಿರುವುದು ಹಣವೇ. ಆದರೆ ಕೊಳ್ಳುವ ಮೊದಲು, ಮಾರದೆ ದಾಟುವ ದಾರಿ ಇದ್ದರೆ ಅದನ್ನು ಹೇಳುವ ಹೊಣೆ ನಮ್ಮ ಮೇಲಿದೆ. ಬ್ಯಾಂಕುಗಳು ಮಾರಿದ ನಾಣ್ಯಗಳ ಮೇಲೆ ಒಬ್ಬರಿಗೆ ಒಟ್ಟು 50 ಗ್ರಾಂವರೆಗೆ ಸಾಲ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಆರು ತಿಂಗಳಲ್ಲಿ ಕೈ ಸರಿಹೋಗುವ ಕುಟುಂಬಕ್ಕೆ ಅಡವಿಡುವುದು ಮಾರುವುದಕ್ಕಿಂತ ಲೇಸು. ಇಷ್ಟು ಹೇಳಿಯೂ ಅವರು ‘ಇಲ್ಲ, ಮಾರೋದೇ’ ಎಂದರೆ ಪೂರ್ತಿ ದರ ಕೊಟ್ಟು ಕೊಳ್ಳಿ. ಕಷ್ಟದಲ್ಲಿರುವವರ ಬಳಿ ಚೌಕಾಶಿಗೆ ಇಳಿಯಬೇಡಿ.

ಈ ನಾಣ್ಯ ಯಾರದು?

ಕೇಳಲು ಸಂಕೋಚವಾಗುವ, ಆದರೆ ಕೇಳಲೇಬೇಕಾದ ಪ್ರಶ್ನೆ ಇದು. ನಮ್ಮಲ್ಲಿ ಚಿನ್ನ ಮನೆಯದು ಎನ್ನುತ್ತೇವೆ. ಕಾನೂನಿನ ಕಣ್ಣಿಗೆ ಅದು ಒಬ್ಬರದ್ದಾಗಿರುತ್ತದೆ, ಹೆಚ್ಚಿನ ಸಲ ಆ ಒಬ್ಬರು ಹೆಣ್ಣುಮಗಳು.

ಮದುವೆಯಲ್ಲಿ ತವರಿನವರು ಕೊಟ್ಟ ಪವನ್, ಸೀಮಂತದಲ್ಲಿ ಮಡಿಲಿಗೆ ಹಾಕಿದ ಲಕ್ಷ್ಮಿ ಕಾಸು, ಕೊಡಗಿನ ಪತ್ತಾಕ್‌ ಸರದಲ್ಲಿ ಕೂರಿಸಿದ ಸವರನ್ ಇವೆಲ್ಲ ಸ್ತ್ರೀಧನ. ಇದರ ಮೇಲೆ ಗಂಡನಿಗಾಗಲಿ ಅತ್ತೆಮನೆಯವರಿಗಾಗಲಿ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2024ರಲ್ಲಿ ಕೇರಳದ ಮಹಿಳೆಯೊಬ್ಬರ 89 ಪವನ್ ಚಿನ್ನದ ಮೊಕದ್ದಮೆಯಲ್ಲಿ ಅದೇ ಮಾತನ್ನು ಮತ್ತೆ ಎತ್ತಿಹಿಡಿದು, ಗಂಡ 25 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮದುವೆಯ ರಾತ್ರಿಯೇ ‘ಜೋಪಾನವಾಗಿ ಇಡುತ್ತೇವೆ’ ಎಂದು ತೆಗೆದುಕೊಂಡ ಚಿನ್ನ ಮನೆಯ ಸಾಲಕ್ಕೆ ಕರಗಿಹೋಗಿತ್ತು ಎಂಬುದು ಆಕೆಯ ದೂರಾಗಿತ್ತು.

ಹಾಗಾಗಿ ಗಂಡಸೊಬ್ಬರು ಮನೆಯಾಕೆಯ ನಾಣ್ಯ ಮಾರಲು ಬಂದಾಗ ಆಕೆಯನ್ನೇ ಕೇಳಬೇಕು. ಫೋನಿನಲ್ಲಿ ಅಲ್ಲ, ಎದುರಿಗೆ. ‘ಅಕ್ಕಾ, ಇದು ನಿಮ್ಮದಂತೆ. ಮಾರೋದು ನಿಮಗೆ ಒಪ್ಪಿಗೆಯಾ?’ ಎಂದು ಕೇಳಿದರೆ ಉತ್ತರ ಬಾಯಿಂದ ಬರುವ ಮೊದಲೇ ಮುಖದಲ್ಲಿ ಗೊತ್ತಾಗುತ್ತದೆ. ಹಣವೂ ಆಕೆಯ ಖಾತೆಗೇ ಹೋಗಲಿ. ‘ಅವಳನ್ನು ಕೇಳೋದೇನು, ನಾನಿದ್ದೀನಲ್ಲ’ ಎಂಬ ಮಾತು ಬಂದರೆ ಆ ವ್ಯವಹಾರ ಅಲ್ಲಿಗೇ ನಿಲ್ಲಲಿ.

ಅಜ್ಜಿ ತೀರಿಕೊಂಡ ಮೇಲೆ ಹೊರಬಿದ್ದ ನಾಣ್ಯಗಳದ್ದು ಇನ್ನೊಂದು ಬಗೆಯ ತೊಡಕು. ನಾಲ್ಕು ಮಕ್ಕಳಲ್ಲಿ ಒಬ್ಬ ಮಾರಲು ತಂದರೆ ಉಳಿದ ಮೂವರಿಗೂ ಅದರಲ್ಲಿ ಪಾಲಿದೆ. ಪಾಲಾಗಿದೆಯೇ, ಉಯಿಲು ಇದೆಯೇ ಎಂದು ಕೇಳಿ. ಇಲ್ಲವಾದರೆ ಉಳಿದವರ ಒಪ್ಪಿಗೆಯ ಒಂದು ಸಾಲಾದರೂ ಇರಲಿ. ಅಣ್ಣತಮ್ಮಂದಿರ ಜಗಳಕ್ಕೆ ನೀವು ಕೊಂಡ ನಾಣ್ಯ ಕಾರಣವಾಗುವುದು ಬೇಡ.

ಕಳವಿನ ಮಾಲು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ದುರುದ್ದೇಶದಿಂದ ಕೊಳ್ಳುವವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಏನೂ ಗೊತ್ತಿಲ್ಲದೆ ಕೊಂಡವರಿಗೆ ಶಿಕ್ಷೆ ಇಲ್ಲ, ಆದರೆ ನಾಣ್ಯ ಉಳಿಯುವುದಿಲ್ಲ. ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲ ತತ್ವ. ನಾಣ್ಯ ಮಾಲೀಕರಿಗೆ ಮರಳುತ್ತದೆ, ನಿಮ್ಮ ಹಣಕ್ಕೆ ನೀವು ಕಳ್ಳನನ್ನೇ ಹುಡುಕಿಕೊಂಡು ಹೋಗಬೇಕು. ಮಾರಾಟಗಾರ ತೀರಾ ಅವಸರ ಮಾಡುವುದು, ತೂಕ ಗೊತ್ತಿಲ್ಲದಿರುವುದು, ಹೆಸರು ಹೇಳಲು ಹಿಂಜರಿಯುವುದು, ನಗದೇ ಬೇಕೆನ್ನುವುದು, ಇವೆಲ್ಲ ‘ನಂಬಲು ಕಾರಣ’ಗಳೇ.

ಹಾಗೆಂದು ಬಿಲ್ಲು ಇಲ್ಲದ ಚಿನ್ನವೆಲ್ಲ ಕಳವಿನದಲ್ಲ. 1968ರಿಂದ 1990ರವರೆಗೆ ಚಿನ್ನ ನಿಯಂತ್ರಣ ಕಾಯ್ದೆ ಜಾರಿಯಲ್ಲಿತ್ತು, ಗಟ್ಟಿ ಚಿನ್ನ, ನಾಣ್ಯ ಇಟ್ಟುಕೊಳ್ಳಲು ಕಟ್ಟುಪಾಡುಗಳಿದ್ದವು. ಆ ಕಾಲದ ಹಿರಿಯರು ನಾಣ್ಯದ ಸುದ್ದಿ ಹೊರಗೆ ಬಿಡುತ್ತಿರಲಿಲ್ಲ, ಕಾಗದ ಇಡುವುದಂತೂ ದೂರವೇ ಉಳಿಯಿತು. ಅಂಥ ಮನೆಯವರನ್ನು ಕಳ್ಳರಂತೆ ವಿಚಾರಿಸುವುದು ಅವಮಾನ. ಬಿಲ್ಲಿನ ಬದಲು ನಾಣ್ಯದ ಕಥೆ ಕೇಳಿ. ಸರದಲ್ಲಿದ್ದ ಸವರನ್ನಾದರೆ ಹಳೆಯ ಮದುವೆ ಫೋಟೋದಲ್ಲಿ ಕಾಣುತ್ತದೆ, ಎಂದೋ ಗಿರವಿ ಇಟ್ಟಿದ್ದರೆ ಚೀಟಿ ಸಿಗುತ್ತದೆ. ನಿಜವಾದ ಮಾಲೀಕರು ಇದನ್ನೆಲ್ಲ ಖುಷಿಯಿಂದಲೇ ಹೇಳುತ್ತಾರೆ.

ಮಾರುವವರಿಗೆ ಗೊತ್ತಿಲ್ಲದ ಬೆಲೆ

ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇದು. ಇಲ್ಲಿ ಕಾನೂನು ಬಹುಪಾಲು ಸುಮ್ಮನಿರುತ್ತದೆ.

ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಬ್ರಿಟಿಷರು ಮುಂಬಯಿಯಲ್ಲಿ ಚಿನ್ನದ ನಾಣ್ಯ ಟಂಕಿಸಿದರು. ಮೊದಲು ಬಂದದ್ದು 15 ರೂಪಾಯಿಯ ಚಿನ್ನದ ಮೊಹರು. ಆಮೇಲೆ ಬಂದದ್ದು ಲಂಡನ್ನಿನದ್ದೇ ಅಚ್ಚಿನ ಸವರನ್. ಐದನೇ ಜಾರ್ಜ್‌ನ ತಲೆ ಒಂದು ಬದಿ, ಕುದುರೆ ಏರಿ ಡ್ರ್ಯಾಗನನ್ನು ಇರಿಯುವ ಸಂತ ಜಾರ್ಜ್ ಇನ್ನೊಂದು ಬದಿ. ಕುದುರೆಯ ಕೆಳಗಿನ ನೆಲದ ಗೆರೆಯಲ್ಲಿ, ಇಸವಿಯ ಮೇಲೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಇಂಗ್ಲಿಷಿನ ‘ಐ’ ಅಕ್ಷರ ಇದ್ದರೆ ಅದು ಮುಂಬಯಿಯದು. ಮೊಹರೂ ಸವರನ್ನೂ ಒಂದೇ ತೂಕ, 7.988 ಗ್ರಾಂ, ಒಂದೇ ಶುದ್ಧತೆ. ಅಕ್ಕಸಾಲಿಗರ ತಕ್ಕಡಿಗೆ ಎರಡೂ ಒಂದೇ. ಸಂಗ್ರಾಹಕರಿಗೆ ಹಾಗಲ್ಲ, ಮೊಹರಿಗೆ ಚಿನ್ನದ ಬೆಲೆಯ ಮೇಲೆ ಸಾಕಷ್ಟು ಹೆಚ್ಚು ಕೊಟ್ಟು ಕೊಳ್ಳುತ್ತಾರೆ.

ಈಗ ಊಹಿಸಿಕೊಳ್ಳಿ. ಹಳ್ಳಿಯ ಒಬ್ಬ ಹಿರಿಯ ತಾಯಿ ಸೆರಗಿನ ಗಂಟು ಬಿಚ್ಚಿ ಆ 15 ರೂಪಾಯಿಯ ಮೊಹರನ್ನು ನಿಮ್ಮ ಅಂಗೈಯಲ್ಲಿ ಇಡುತ್ತಾರೆ. ‘ಪವನ್ ಕಣಪ್ಪಾ, ತೂಕಕ್ಕೆ ಎಷ್ಟಾಗುತ್ತೋ ಅಷ್ಟು ಕೊಡು.’ ನಿಮಗೆ ಅದೇನೆಂದು ಗೊತ್ತಿದೆ. ಆಕೆಗೆ ಗೊತ್ತಿಲ್ಲ. ತೂಕದ ಬೆಲೆ ಪೂರ್ತಿ ಕೊಟ್ಟು ಕೊಂಡರೆ ಯಾರೂ ಕೇಳುವವರಿಲ್ಲ.

ನನ್ನ ಉತ್ತರ ಖಚಿತ: ಹೇಳಲೇಬೇಕು. ನಾಣ್ಯ ಸಂಗ್ರಹದ ಲೋಕದಲ್ಲಿ ಇದಕ್ಕೆ ಎದುರು ವಾದ ಇದೆ. ವರ್ಷಗಟ್ಟಲೆ ಓದಿ, ನೋಡಿ ಗಳಿಸಿದ ತಿಳಿವಳಿಕೆಗೆ ಬೆಲೆ ಬೇಡವೇ ಎನ್ನುತ್ತಾರೆ. ವ್ಯಾಪಾರಿಯ ಮೇಜಿನಿಂದ ಆರಿಸಿಕೊಳ್ಳುವಾಗ ಆ ವಾದ ನಿಲ್ಲುತ್ತದೆ, ಏಕೆಂದರೆ ತನ್ನ ಸರಕು ಏನೆಂದು ತಿಳಿಯುವುದು ವ್ಯಾಪಾರಿಯ ಕಸುಬು. ಆ ತಾಯಿಯ ಕಸುಬು ಅದಲ್ಲ. ಆಕೆ ‘ಎಷ್ಟಾಗುತ್ತೋ ಅಷ್ಟು’ ಎಂದು ತೀರ್ಮಾನವನ್ನು ನಿಮಗೇ ಬಿಟ್ಟಿದ್ದಾರೆ. ಹಾಗೆ ನಂಬಿ ಕೊಟ್ಟ ಮೇಲೆ ನೀವು ಬರೀ ಗಿರಾಕಿಯಾಗಿ ಉಳಿಯುವುದಿಲ್ಲ. ನಿಮ್ಮ ತಿಳಿವಳಿಕೆಗೆ ಪ್ರತಿಫಲ ಬೇಕಿದ್ದರೆ ಬಾಯಿಬಿಟ್ಟು ಕೇಳಿ: ‘ಅಮ್ಮಾ, ಇದಕ್ಕೆ ಚಿನ್ನಕ್ಕಿಂತ ಹೆಚ್ಚು ಬೆಲೆ ಇದೆ. ಹರಾಜಿನಲ್ಲಿ ಮಾರಿಸಿಕೊಡ್ತೀನಿ, ನನಗಿಷ್ಟು ಕೊಡಿ’ ಎನ್ನಿ. ಅಥವಾ ಸಂಗ್ರಾಹಕರ ಬೆಲೆಯನ್ನು ಹೇಳಿ, ಅದಕ್ಕಿಂತ ಸ್ವಲ್ಪ ಕಡಿಮೆಗೆ ನೀವೇ ಕೊಳ್ಳಿ. ಎರಡರಲ್ಲೂ ಆಕೆ ತಿಳಿದು ಕೊಟ್ಟಂತಾಗುತ್ತದೆ.

ಹೆಚ್ಚು ಹಳೆಯ ನಾಣ್ಯಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ವಿಜಯನಗರದ ವರಹ ಸುಮಾರು 3.4 ಗ್ರಾಂ. ಕೃಷ್ಣದೇವರಾಯನ ಕಾಲದ್ದಾದರೆ ಮೇಲೆ ಬಾಲಕೃಷ್ಣ ಇರಬಹುದು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣ ಕಿರುಬೆರಳ ಉಗುರಿನಷ್ಟಿದ್ದು ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಹೈದರಾಲಿ ತನ್ನ ವರಹದ ಮೇಲೆ ಶಿವ-ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. ಇವನ್ನು ತೂಕಕ್ಕೆ ಮಾರಿದರೆ ಸಿಗುವ ಹಣ ಅಲ್ಪ, ಅಂಗಡಿಯಲ್ಲಿ ಕರಗಿಹೋದರೆ ಆಗುವ ನಷ್ಟ ನಾಡಿನದು. ಗುರುತು ಸಿಗದ ಹಳೆಯ ನಾಣ್ಯ ಕಂಡರೆ ಕೊಳ್ಳುವುದನ್ನು ಮುಂದೂಡಿ, ಎರಡೂ ಬದಿಯ ಫೋಟೋ ತೆಗೆದು ನಾಣ್ಯ ಸಂಗ್ರಾಹಕರ ಸಂಘಕ್ಕೋ ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಯ ಕಚೇರಿಗೋ ತೋರಿಸಲು ಮಾರುವವರಿಗೇ ಹೇಳಿ. ಉಜ್ಜಿ ತೊಳೆದು ಹೊಳಪು ಬರಿಸಬೇಡಿರೆಂದೂ ಹೇಳಿ. ಹುಣಸೆಹಣ್ಣು ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.

100 ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು. ಕೊಂಡು ಮಾರುವ ವ್ಯವಹಾರ ನಡೆಸಲು ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತೆಯೇ ಇಲ್ಲ. 1918ರ ಸವರನ್ ಕೂಡ ಈಗ ಈ ಸಾಲಿಗೆ ಸೇರಿದೆ. ಅಮೆರಿಕದಿಂದಲೋ ದುಬೈಯಿಂದಲೋ ರಜೆಗೆ ಬಂದ ಮಕ್ಕಳು ‘ಅಜ್ಜಿಯ ನೆನಪಿಗೆ’ ಎಂದು ಕೊಂಡು ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು.

ಪಾಯ ಅಗೆಯುವಾಗ ಸಿಕ್ಕಿತು ಎಂದರೆ

ದಾವಣಗೆರೆ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಪೊಲೀಸ್ ಠಾಣೆಗಳಿಗೆ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ. ಗೊತ್ತಿಲ್ಲದ ನಂಬರಿನಿಂದ ಕರೆ. ‘ಮನೆ ಪಾಯ ತೆಗೆಯುವಾಗ ಕೊಡದ ತುಂಬ ಚಿನ್ನದ ನಾಣ್ಯ ಸಿಕ್ಕಿದೆ, ನಮಗೆ ಮಾರೋಕೆ ಗೊತ್ತಿಲ್ಲ, ಅರ್ಧ ಬೆಲೆಗೆ ಕೊಡ್ತೀವಿ.’ ಹೋದವರಿಗೆ ಒಂದೋ ಎರಡೋ ನಾಣ್ಯ ಕೊಡುತ್ತಾರೆ. ಊರಿಗೆ ತಂದು ಒರೆಗೆ ಹಚ್ಚಿಸಿದರೆ ಅಪ್ಪಟ ಚಿನ್ನ. ಹೀಗೆ ಮೂಗಿಗೆ ತುಪ್ಪ ಸವರಿದ ಮೇಲೆ ಲಕ್ಷಗಟ್ಟಲೆ ಹಣ ತರಲು ಹೇಳುತ್ತಾರೆ. ಊರಾಚೆಯ ತೋಟದಲ್ಲಿ ಕೈಗೆ ಬರುವ ಚೀಲದ ತುಂಬ ಹಿತ್ತಾಳೆಯ ಬಿಲ್ಲೆ. ಕೆಲವು ಸಲ ಅದೂ ಇಲ್ಲ, ಹೊಡೆದು ಹಣ ಕಿತ್ತುಕೊಂಡು ಕಳಿಸುತ್ತಾರೆ.

ಮೋಸ ಮಾಡಿದವರು ಅಪರಾಧಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳ್ಳಲು ಹೋದವರು ಏನನ್ನು ಕೊಳ್ಳಲು ಹೋಗಿದ್ದರು ಎಂದು ನೋಡಿ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಭಾರತೀಯ ನಿಧಿ ಕಾಯ್ದೆಯ ಕಾಲದಿಂದಲೂ ಕಾನೂನಿದೆ. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯ್ದೆಯೂ ಇದೆ. ಕಥೆ ನಿಜವೇ ಆಗಿದ್ದರೂ ಆ ನಾಣ್ಯ ಮಾರುವ ಹಕ್ಕು ಅವರಿಗಿರಲಿಲ್ಲ. ಮಾರಲು ಗೊತ್ತಿಲ್ಲದ ಬಡವ ಅರ್ಧ ಬೆಲೆಗೆ ಕೊಡುತ್ತಾನೆ ಎಂಬ ಮಾತು ಕೇಳಿದಾಗ, ಅವನಿಗೆ ಪೂರ್ತಿ ಬೆಲೆ ಕೊಡಿಸೋಣ ಎಂದುಕೊಂಡವರು ಈ ಬಲೆಗೆ ಬೀಳುವುದಿಲ್ಲ. ಪೂರ್ತಿ ಬೆಲೆ ಕೊಟ್ಟು, ಕಾಗದ ಬರೆದು, ಜನರ ಎದುರು ಕೊಳ್ಳುತ್ತೇನೆ ಎನ್ನುವವರ ಹತ್ತಿರ ಇಂಥ ವಂಚಕರು ಎರಡನೆಯ ಸಲ ಮಾತಾಡುವುದೂ ಇಲ್ಲ.

ರಾಮ-ಸೀತೆ-ಲಕ್ಷ್ಮಣರ ಚಿತ್ರವಿರುವ ರಾಮಟಂಕಗಳನ್ನು ಸಾವಿರಾರು ವರ್ಷ ಹಳೆಯವು, ಅಕ್ಕಿ ಸೆಳೆಯುತ್ತವೆ ಎಂದೆಲ್ಲ ಹೇಳಿ ಮಾರುವವರಿದ್ದಾರೆ. ಅವು ಪೂಜೆಗೆಂದು ಮಾಡಿದ ಬಿಲ್ಲೆಗಳು, ಚಲಾವಣೆಯ ನಾಣ್ಯಗಳಲ್ಲ, ಹೆಚ್ಚಿನವು ಹಿತ್ತಾಳೆಯವು.

ಪರೀಕ್ಷೆ ಇಬ್ಬರ ಎದುರು ನಡೆಯಲಿ

ನಾಣ್ಯ ಪರೀಕ್ಷಿಸುವುದು ಮಾರುವವರನ್ನು ಅನುಮಾನಿಸಿದಂತಲ್ಲ. ಅವರೂ ಎಂದೋ ಮೋಸ ಹೋಗಿರಬಹುದು. ಆದರೆ ನಾಣ್ಯವನ್ನು ‘ಸ್ವಲ್ಪ ತೋರಿಸಿಕೊಂಡು ಬರ್ತೀನಿ’ ಎಂದು ಒಬ್ಬರೇ ಒಯ್ಯಬೇಡಿ. ಬದಲಾಯಿತು ಎಂಬ ಮಾತು ಆಮೇಲೆ ಯಾವ ಕಡೆಯಿಂದಲೂ ಬರಬಹುದು.

ಪ್ಯಾಕಿನಿಂದ ಹೊರಗಿರುವ ನಾಣ್ಯಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ನಾಣ್ಯಕ್ಕೆ ಗೀರೂ ಬೀಳುವುದಿಲ್ಲ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಶುದ್ಧ ಚಿನ್ನವಾದರೆ ಸುಮಾರು 19.3 ಬರಬೇಕು, ಅಂದರೆ 10 ಗ್ರಾಂ ನಾಣ್ಯಕ್ಕೆ ತಕ್ಕಡಿ 0.52 ತೋರಿಸಬೇಕು. ಸವರನ್ ಆದರೆ 0.45ರ ಆಸುಪಾಸು. ಅದೇ 10 ಗ್ರಾಂ ಹಿತ್ತಾಳೆಯಾದರೆ 1.2ರ ಹತ್ತಿರ ಹೋಗುತ್ತದೆ, ಅಂತರ ಕಣ್ಣಿಗೆ ರಾಚುತ್ತದೆ. ಟಂಗ್‌ಸ್ಟನ್ ಲೋಹ ಮಾತ್ರ ಹೆಚ್ಚುಕಡಿಮೆ ಚಿನ್ನದಷ್ಟೇ ಭಾರ. ಒಳಗೆ ಅದನ್ನು ತುಂಬಿಸಿದ್ದರೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ.

ಆದ್ದರಿಂದ ದೊಡ್ಡ ಮೊತ್ತವಾದರೆ ಇಬ್ಬರೂ ಕೂಡಿ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಹೋಗಿ, ಶುಲ್ಕ ನೀವೇ ಕೊಡಿ. ಸವರನ್ನಿಗೆ ಕ್ಯಾಲಿಪರ್ ಹಿಡಿದರೆ ವ್ಯಾಸ 22.05 ಮಿಲಿಮೀಟರ್, ದಪ್ಪ 1.52. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ತೂಕದಲ್ಲಿ ಬೆಸುಗೆಯೂ ಸೇರಿರುತ್ತದೆ, ಸಂಗ್ರಾಹಕರ ಬೆಲೆಯೂ ಹೋಗಿರುತ್ತದೆ. ಇದನ್ನು ಹೇಳಿ ಬೆಲೆ ಇಳಿಸಿದರೆ ಅದು ನ್ಯಾಯವೇ. ನಕಲಿ ಸವರನ್ನುಗಳಲ್ಲಿ ಚಿನ್ನ ಸರಿಯಾಗಿಯೇ ಇದ್ದು ಅಚ್ಚು ಮಾತ್ರ ಖೋಟಾ ಆಗಿರುವುದೂ ಉಂಟು. ಅಂಥದ್ದನ್ನು ಚಿನ್ನದ ಬೆಲೆಗೆ ಕೊಳ್ಳಿ, ಆದರೆ ಮುಂದೆ ಅಸಲಿ ಎಂದು ಮಾರಬೇಡಿ. ಮುಚ್ಚಿದ ಪ್ಯಾಕಿನ ನಾಣ್ಯವಾದರೆ ಕಾರ್ಡಿನ ಸಂಖ್ಯೆ, ಶುದ್ಧತೆಯ ಗುರುತು, ಬಿಲ್ಲು ಮೂರೂ ಹೊಂದುತ್ತವೆಯೇ ನೋಡಿ. 2015ರಲ್ಲಿ ಬಂದ ಭಾರತ ಸರ್ಕಾರದ ಇಂಡಿಯನ್ ಗೋಲ್ಡ್ ಕಾಯಿನ್‌ಗೆ ಒಂದು ಬದಿ ಅಶೋಕ ಚಕ್ರ, ಇನ್ನೊಂದು ಬದಿ ಗಾಂಧೀಜಿ. ಪರೀಕ್ಷೆಗೆಂದು ಪ್ಯಾಕು ಬಿಚ್ಚಿಸಿ ಆಮೇಲೆ ‘ಬೇಡ’ ಎನ್ನಬೇಡಿ. ಬಿಚ್ಚಿದ ನಾಣ್ಯಕ್ಕೆ ಬೆಲೆ ಇಳಿಯುತ್ತದೆ, ಆ ನಷ್ಟ ಬಿಚ್ಚಿಸಿದವರದು.

ಹಣ ಮತ್ತು ಕಾಗದ

ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ದಂಡ ಬೀಳುವುದು ಪಡೆದವರ ಮೇಲೆ, ಪಡೆದಷ್ಟೇ ಮೊತ್ತ. ನಗದು ಕೊಟ್ಟು ನೀವು ಮನೆಗೆ ಹೋಗುತ್ತೀರಿ, ಸಿಕ್ಕಿಬೀಳುವವರು ಮಾರಿದವರು. ಅವರಿಗಿದು ಗೊತ್ತಿರುವುದಿಲ್ಲ. ಮೊತ್ತ ಎಷ್ಟೇ ಇರಲಿ, ಬ್ಯಾಂಕ್ ಮೂಲಕವೇ ಕೊಡಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದ ಚಿನ್ನ ಮಾರಿ ಬಂದ ಲಾಭಕ್ಕೆ ಶೇ 12.5ರ ತೆರಿಗೆ ಅನ್ವಯಿಸಬಹುದು ಎಂದೂ ಒಂದು ಮಾತು ಹೇಳಿ.

ಕಾಗದ ಹೀಗಿದ್ದರೆ ಸಾಕು, ಎರಡು ಪ್ರತಿ ಮಾಡಿ ಇಬ್ಬರೂ ಇಟ್ಟುಕೊಳ್ಳಿ:

‘ಈ ಕೆಳಗಿನ ಚಿನ್ನದ ನಾಣ್ಯ ನನ್ನ ಸ್ವಂತದ್ದು. ನನ್ನ ತಾಯಿಯಿಂದ ನನ್ನ ಪಾಲಿಗೆ ಬಂದದ್ದು. ಇದರ ಮೇಲೆ ಬೇರೆಯವರ ಹಕ್ಕಾಗಲಿ ಸಾಲವಾಗಲಿ ಇಲ್ಲ. ಐದನೇ ಜಾರ್ಜ್ ಸವರನ್, ಇಸವಿ ಇಷ್ಟು, ತೂಕ ಇಷ್ಟು, ಕೊಂಡಿ ಇದೆ/ಇಲ್ಲ. ಇಂದಿನ ದರ ಗ್ರಾಂಗೆ ಇಷ್ಟರಂತೆ ಒಟ್ಟು ಇಷ್ಟು ರೂಪಾಯಿಗೆ ಇವರಿಗೆ ಮಾರಿದ್ದೇನೆ. ಹಣ ನನ್ನ ಖಾತೆಗೆ ಈ ಸಂಖ್ಯೆಯ ವರ್ಗಾವಣೆಯಲ್ಲಿ ಬಂದಿದೆ.’

‘ತಾಯಿಯಿಂದ’ ಎಂಬಲ್ಲಿ ಅವರವರಿಗೆ ಒಪ್ಪುವುದನ್ನು ಬರೆಯಿರಿ. ಇಬ್ಬರ ಹೆಸರು, ವಿಳಾಸ, ಸಹಿ, ದಿನಾಂಕ, ಸಾಧ್ಯವಾದರೆ ಒಬ್ಬರ ಸಾಕ್ಷಿ ಇರಲಿ. ಓದು ಬಾರದವರಾದರೆ ಅವರ ಕಡೆಯವರೇ ಓದಿ ಹೇಳಲಿ. ಗುರುತಿಗೆ ಆಧಾರ್ ಕೇಳುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು. ಮನೆಯಲ್ಲಿ ಚಿನ್ನವಿದೆ ಎಂಬ ಸುದ್ದಿ ನಿಮ್ಮ ಬಾಯಿಂದ ಇನ್ನೊಬ್ಬರಿಗೆ ಹೋಗಬಾರದು. ‘ಅವರ ಮನೇಲಿ ಇನ್ನೂ ನಾಲ್ಕಿದೆಯಂತೆ’ ಎಂಬ ಒಂದು ಮಾತು ಒಂಟಿಯಾಗಿರುವ ವಯಸ್ಸಾದವರಿಗೆ ಅಪಾಯ ತರುತ್ತದೆ.

ಕಳ್ಳಮಾಲು ಎಂದು ಆಮೇಲೆ ಅನುಮಾನ ಬಂದರೆ ಬೇರೆಯವರಿಗೆ ದಾಟಿಸಿ ಕೈ ತೊಳೆದುಕೊಳ್ಳಬೇಡಿ. ಕಾಗದ, ವರ್ಗಾವಣೆಯ ವಿವರ ಹಿಡಿದು ಠಾಣೆಗೆ ಹೋಗಿ. ನಿಮ್ಮ ಪ್ರಾಮಾಣಿಕತೆಗೆ ಅವೇ ಆಧಾರ.

ಮಾರಿದವರಿಗೆ ಒಂದು ಅವಧಿಯನ್ನೂ ಕೊಡಿ ಎಂಬುದು ನನ್ನ ಕೊನೆಯ ಸಲಹೆ. ಕಾನೂನು ಇದನ್ನು ಕೇಳುವುದಿಲ್ಲ. ಅಜ್ಜಿಯ ಸವರನ್ ಮಾರಿದ ಮನೆಯಲ್ಲಿ ಎಷ್ಟೋ ಸಲ ಹಬ್ಬ ಬಂದಾಗ ಪಶ್ಚಾತ್ತಾಪ ಶುರುವಾಗುತ್ತದೆ. ಮೂರು ತಿಂಗಳೊಳಗೆ ಮರಳಿ ಬೇಕೆಂದರೆ ಆ ದಿನದ ದರಕ್ಕೆ ಕೊಡುತ್ತೇನೆ ಎಂದು ಕಾಗದದ ಕೆಳಗೆ ಒಂದು ಸಾಲು ಬರೆದುಕೊಡಿ. ದರ ಏರಿದ್ದರೂ ಇಳಿದಿದ್ದರೂ ಲೆಕ್ಕ ಇಬ್ಬರಿಗೂ ತೆರೆದಿರುತ್ತದೆ. ಅಲ್ಲಿಯವರೆಗೆ ಆ ನಾಣ್ಯವನ್ನು ಕರಗಿಸಬೇಡಿ, ಕೊಂಡಿ ಬೆಸೆಯಿಸಬೇಡಿ.